ಜೋಡಿಯಾಟದ ಚರಿತ್ರೆಯಲ್ಲಿ ಅಶ್ವಿನಿ ಪೊನ್ನಪ್ಪ

ಬ್ಯಾಡ್ಮಿಂಟನ್ ಜಗತ್ತಿನ ಹಳೆಯ ಮತ್ತು ಪ್ರತಿಷ್ಠಿತ ಸ್ಪರ್ಧೆಯಾದ ಆಲ್ ಇಂಗ್ಲೆಂಡ್ ಪಂದ್ಯಾವಳಿ 1899ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ನಡೆದಾಗ ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಎಂಬ ಮೂರೇ ವಿಭಾಗಗಳಿದ್ದವು; ಒಬ್ಬರಿಗೆ ಒಬ್ಬರು ಎದುರಾಗುವ ಸಿಂಗಲ್ಸ್ ಸೇರಿದ್ದು ಮರುವರ್ಷ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುಣೆಯ ದಂಡುಪ್ರದೇಶದ ಬ್ರಿಟಿಷ್ ಅಧಿಕಾರಿಗಳು ಈ ಆಟಕ್ಕೆ ಒಂದು ರೂಪ ಕೊಟ್ಟಾಗಲೂ, ಅದು ಮುಂದೆ ಇಂಗ್ಲೆಂಡಿನ ಕ್ಲಬ್ಬುಗಳಿಗೆ ಹೋಗಿ ನೆಲೆಸಿದಾಗಲೂ, ನಾಲ್ಕು ಜನ ಕೂಡಿ ಆಡುವುದೇ ಅದರ ಸಹಜ ರೂಪವಾಗಿತ್ತು. ಇಂದಿಗೂ ಕರ್ನಾಟಕದ ಯಾವುದೇ ಊರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಶಟಲ್ ಕೋರ್ಟಿಗೆ ಬೆಳಗಿನ ಹೊತ್ತು ಹೋದರೆ ಕಾಣುವುದು ಬಹುಮಟ್ಟಿಗೆ ಡಬಲ್ಸ್ ಆಟವೇ. ಹೀಗಿದ್ದರೂ ಭಾರತದ ಬ್ಯಾಡ್ಮಿಂಟನ್ ಚರಿತ್ರೆಯನ್ನು ಬರೆದವರು ನೆನೆದ ಹೆಸರುಗಳು ಮಾತ್ರ ಸಿಂಗಲ್ಸ್ ಆಟಗಾರರವು: 1947ರ ಆಲ್ ಇಂಗ್ಲೆಂಡ್ ಫೈನಲ್ ತಲುಪಿದ ಪ್ರಕಾಶ್ ನಾಥ್, ಐವತ್ತರ ದಶಕದ ನಂದು ನಾಟೇಕರ್, 1965ರ ಏಷ್ಯನ್ ಚಾಂಪಿಯನ್ ದಿನೇಶ್ ಖನ್ನಾ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ, 2001ರಲ್ಲಿ ಅದೇ ಪ್ರಶಸ್ತಿ ಪಡೆದ ಪುಲ್ಲೇಲ ಗೋಪಿಚಂದ್. ಜನ ಆಡುವ ಆಟ ಒಂದು, ರಾಷ್ಟ್ರ ಗೌರವಿಸುವ ಆಟ ಇನ್ನೊಂದು ಎಂಬ ಈ ಸ್ಥಿತಿ ಹೇಗೆ ಬಂತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಅರಿಯಲು ಬೆಂಗಳೂರಿನ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರ ಆಟದ ಬದುಕಿಗಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಕಾರಣಗಳಲ್ಲಿ ಮೊದಲನೆಯದು ಸರಳವಾದದ್ದು. ಸಿಂಗಲ್ಸ್ ಆಟಗಾರನೊಬ್ಬ ತನ್ನ ಛಲದಿಂದಲೇ, ಸಂಸ್ಥೆಯ ಬೆಂಬಲ ಅಷ್ಟಾಗಿ ಇಲ್ಲದೆಯೂ ಮೇಲೆ ಬರಬಲ್ಲ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆಗಳಿಲ್ಲದ ದಿನ ನೋಡಿಕೊಂಡು ಅಭ್ಯಾಸ ಮಾಡಿ, 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ಪಡುಕೋಣೆ ಅವರೇ ಇದಕ್ಕೆ ಸಾಕ್ಷಿ. ಡಬಲ್ಸ್‌ಗೆ ಈ ದಾರಿ ಇಲ್ಲ. ಅಲ್ಲಿ ಇಬ್ಬರು ಒಂದೇ ಊರಿನಲ್ಲಿರಬೇಕು, ಅವರಿಗೆ ಎದುರಾಗಿ ನಿತ್ಯ ಆಡಲು ಅಷ್ಟೇ ಬಲದ ಇನ್ನೊಂದು ಜೋಡಿ ಬೇಕು, ಇಬ್ಬರ ನಡಿಗೆಯನ್ನೂ ಒಟ್ಟಿಗೆ ನೋಡಿ ತಿದ್ದುವ, ಡಬಲ್ಸ್‌ಗೆಂದೇ ಮೀಸಲಾದ ತರಬೇತುದಾರ ಬೇಕು. ಆಟಗಾರರು ಬೇರೆ ಬೇರೆ ರಾಜ್ಯಗಳಲ್ಲಿ, ರೈಲ್ವೆ, ತೈಲ ಕಂಪನಿ, ವಿಮಾನ ಸಂಸ್ಥೆ ಎಂದು ಬೇರೆ ಬೇರೆ ನೌಕರಿಗಳಲ್ಲಿ ಹರಡಿಹೋಗಿದ್ದ ಕಾಲದಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಬಂದಾಗಷ್ಟೇ ಜೋಡಿ ಕೂಡುತ್ತಿತ್ತು; ಶಿಬಿರ ಮುಗಿದೊಡನೆ ಚದುರುತ್ತಿತ್ತು. ಇಷ್ಟರ ನಡುವೆಯೂ 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಮಹಿಳೆಯರ ಡಬಲ್ಸ್ ಕಂಚು ಗೆದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಲೆರಾಯ್ ಡಿಸಾ ಮತ್ತು ಪ್ರದೀಪ್ ಗಂಧೆ ಪುರುಷರ ಡಬಲ್ಸ್ ಕಂಚು ತಂದರು. ಅದೇ 1978ರ ಕೂಟದಲ್ಲಿ ಪಡುಕೋಣೆ ಗೆದ್ದ ಚಿನ್ನ ಎಲ್ಲರಿಗೂ ನೆನಪಿದೆ, ಆ ಕಂಚು ಯಾರಿಗೂ ನೆನಪಿಲ್ಲ.

ಎರಡನೆಯ ಕಾರಣ ಆಟದ ಒಳಗೇ ಇದೆ. ಅದನ್ನು ತಿಳಿಯಲು ನಿಯಮಗಳನ್ನು ತುಸು ವಿವರವಾಗಿ ನೋಡಬೇಕಾಗುತ್ತದೆ. ಅಂಕಣದ ಉದ್ದ ಎರಡೂ ಆಟಗಳಿಗೆ 13.40 ಮೀಟರ್, ಅಗಲ ಸಿಂಗಲ್ಸ್‌ಗೆ 5.18 ಮೀಟರ್ ಇದ್ದರೆ ಡಬಲ್ಸ್‌ಗೆ ಬದಿಯ ಪಟ್ಟಿಗಳೂ ಸೇರಿ 6.10 ಮೀಟರ್. ಆದರೆ ಡಬಲ್ಸ್‌ನಲ್ಲಿ ಸರ್ವ್, ಅಂದರೆ ಆಟ ಶುರುಮಾಡುವ ಮೊದಲ ಹೊಡೆತ, ಬೀಳಬೇಕಾದ ಜಾಗ ಮಾತ್ರ ಹಿಂದಿನ ಗೆರೆಯಿಂದ 76 ಸೆಂಟಿಮೀಟರ್ ಮೊಟಕಾಗಿರುತ್ತದೆ. ಸಿಂಗಲ್ಸ್ ಆಟಗಾರ್ತಿ ಶಟಲ್ಲನ್ನು ಎತ್ತರಕ್ಕೆ ಹೊಡೆದು ಹಿಂಬದಿಯ ಗೆರೆಯ ಹತ್ತಿರ ಬೀಳಿಸಿ ಎದುರಾಳಿಯನ್ನು ಹಿಂದಕ್ಕೆ ತಳ್ಳಬಹುದು. ಡಬಲ್ಸ್‌ನಲ್ಲಿ ಹಾಗೆ ಹೊಡೆದರೆ ಅದು ಗೆರೆಗಿಂತ ಎಷ್ಟೋ ಈಚೆಗೆ ಇಳಿಯಬೇಕಾಗಿ, ಎದುರಾಳಿ ಅಲ್ಲೇ ನಿಂತು ಸ್ಮ್ಯಾಷ್, ಅಂದರೆ ಮೇಲಿನಿಂದ ಕೆಳಕ್ಕೆ ಬಲವಾಗಿ ಬಡಿಯುವ ಹೊಡೆತ, ಹೊಡೆದುಬಿಡುತ್ತಾಳೆ. ಆದ್ದರಿಂದ ಡಬಲ್ಸ್ ಸರ್ವ್ ಬಹುತೇಕ ನೆಟ್ಟಿನ ಮೇಲಂಚನ್ನು ಸವರಿಕೊಂಡು ಹೋಗುವಷ್ಟು ತಗ್ಗಿನದಾಗಿರುತ್ತದೆ, ಅದನ್ನು ಎದುರಿಸುವವಳು ಮುಂದಿನ ಗೆರೆಯ ಮೇಲೆ ರಾಕೆಟ್ ಎತ್ತಿ ಕಾದಿರುತ್ತಾಳೆ, ಆ ಅಂಕದ ದಿಕ್ಕು ಮೊದಲ ಮೂರು ಹೊಡೆತಗಳಲ್ಲಿಯೇ ತೀರ್ಮಾನವಾಗುವುದೂ ಉಂಟು. ದಾಳಿ ಮಾಡುವ ಜೋಡಿ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲುತ್ತದೆ, ರಕ್ಷಣೆಗೆ ಇಳಿದೊಡನೆ ಪಕ್ಕಪಕ್ಕಕ್ಕೆ ಸರಿಯುತ್ತದೆ. ಈ ಸ್ಥಾನಬದಲಾವಣೆಗೆ ರೊಟೇಷನ್ ಎಂದು ಹೆಸರು. ಮಾತಿಲ್ಲದೆ, ಜೊತೆಗಾರ್ತಿಯ ಭುಜದ ತಿರುವು ಕಂಡೇ ನಡೆಯಬೇಕಾದ ಈ ಚಲನೆ ಒಂದೇ ಜೊತೆಯಲ್ಲಿ ವರ್ಷಗಟ್ಟಲೆ ಆಡದೆ ಮೈಗೂಡುವುದಿಲ್ಲ.

2006ರಲ್ಲಿ ಅಂಕದ ಪದ್ಧತಿ ಬದಲಾದದ್ದು ಈ ಕೌಶಲದ ಬೆಲೆಯನ್ನು ಇನ್ನಷ್ಟು ಏರಿಸಿತು. ಹಳೆಯ ಪದ್ಧತಿಯಲ್ಲಿ ಸರ್ವ್ ಮಾಡುವ ಪಕ್ಷಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಡಬಲ್ಸ್ ಗೇಮ್ 15 ಅಂಕಗಳದ್ದಾಗಿದ್ದು, ಆರಂಭದ ಸರದಿಯೊಂದನ್ನು ಬಿಟ್ಟರೆ ಜೋಡಿಯ ಇಬ್ಬರಿಗೂ ಒಬ್ಬರಾದ ಮೇಲೆ ಒಬ್ಬರಂತೆ ಸರ್ವ್ ಮಾಡುವ ಅವಕಾಶವಿತ್ತು, ಆದ್ದರಿಂದ ಒಂದು ಸರ್ವ್ ಕೆಟ್ಟರೆ ಸರದಿ ಹೋಗುತ್ತಿತ್ತೇ ಹೊರತು ಅಂಕ ಹೋಗುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಯಾರೇ ಸರ್ವ್ ಮಾಡಲಿ, ಪ್ರತಿ ಸರ್ವ್‌ನ ಆಟ ಮುಗಿದಾಗಲೂ ಒಂದು ಅಂಕ. ಗೇಮ್ 21 ಅಂಕಗಳದ್ದು. ಎರಡನೆಯ ಸರ್ವ್ ರದ್ದು. ಕ್ಲಬ್ಬಿನ ಮಟ್ಟದಲ್ಲಿ ದಶಕಗಳಿಂದ ನಡೆದುಬಂದ ನಿಧಾನದ ಡಬಲ್ಸ್ ಅಲ್ಲಿಗೆ ಅಂತರರಾಷ್ಟ್ರೀಯ ಅಂಕಣದಿಂದ ಮರೆಯಾಯಿತು. 1989ರ ಸೆಪ್ಟೆಂಬರ್ 18ರಂದು ಬೆಂಗಳೂರಿನಲ್ಲಿ, ಹಾಕಿಗೆ ಹೆಸರಾದ ಕೊಡವ ಸಮುದಾಯದ ಕುಟುಂಬವೊಂದರಲ್ಲಿ ಹುಟ್ಟಿದ ಅಶ್ವಿನಿ ಈ ಹೊಸ ಪದ್ಧತಿಯಲ್ಲಿಯೇ ಹಿರಿಯರ ಆಟಕ್ಕೆ ಕಾಲಿಟ್ಟ ಮೊದಲ ತಲೆಮಾರಿನವರು. ಅಂಕಣದ ಹಿಂಬದಿಯಿಂದ ಅವರು ಹೊಡೆಯುತ್ತಿದ್ದ ಸ್ಮ್ಯಾಷ್‌ನ ರಭಸ ಭಾರತದ ಮಹಿಳಾ ಆಟದಲ್ಲಿ ಅಪರೂಪದ್ದಾಗಿತ್ತು.

ಅಂಥ ಹೊಡೆತಕ್ಕೆ ಮುಂಬದಿಯಲ್ಲಿ ತಕ್ಕ ಜೊತೆ ಬೇಕಿತ್ತು. ಹೈದರಾಬಾದಿನಲ್ಲಿ ಎಸ್.ಎಂ. ಆರಿಫ್ ಅವರ ಶಿಷ್ಯೆಯಾಗಿ ಬೆಳೆದು, ಶ್ರುತಿ ಕುರಿಯನ್ ಅವರ ಜೊತೆಗೂಡಿ ಹಲವು ವರ್ಷ ಸತತವಾಗಿ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದಿದ್ದ, ವಿ. ದಿಜು ಅವರೊಂದಿಗೆ 2009ರ ಸೂಪರ್ ಸೀರೀಸ್ ಅಂತಿಮ ಟೂರ್ನಿಯ ಮಿಶ್ರ ಡಬಲ್ಸ್ ಫೈನಲ್ ತಲುಪಿದ್ದ ಜ್ವಾಲಾ ಗುಟ್ಟಾ ಆ ಜೊತೆಯಾದರು. ಜ್ವಾಲಾ ಎಡಗೈ ಆಟಗಾರ್ತಿ, ಅಶ್ವಿನಿ ಬಲಗೈ ಆಟಗಾರ್ತಿ; ಒಬ್ಬರು ನೆಟ್ಟಿನ ಬಳಿಯ ಜಾಣ್ಮೆಗೆ, ಇನ್ನೊಬ್ಬರು ಹಿಂಬದಿಯ ಬಲಕ್ಕೆ ಹೆಸರಾದವರು. ಎಡ ಮತ್ತು ಬಲಗೈಗಳು ಸೇರಿದ ಜೋಡಿಗೆ ಒಂದು ಅನುಕೂಲವಿದೆ: ಪಕ್ಕಪಕ್ಕಕ್ಕೆ ನಿಂತಾಗ ಇಬ್ಬರ ಬಲವಾದ ಹೊಡೆತವೂ ಅಂಕಣದ ಹೊರಬದಿಗಳನ್ನು ಕಾಯುವಂತೆ, ಇಲ್ಲವೇ ಜಾಗ ಅದಲುಬದಲಾದಾಗ ನಡುವಿನ ಕಂದಕವನ್ನು ಮುಚ್ಚುವಂತೆ ನಿಲುವನ್ನು ಬದಲಿಸಬಹುದು, ಮತ್ತು ಸ್ಮ್ಯಾಷ್ ಬರುವ ಕೋನ ಪ್ರತಿ ಸಲವೂ ಬೇರೆಯಾಗುವುದರಿಂದ ಎದುರಾಳಿಗೆ ಅದರ ರೂಢಿ ಆಗುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ಕೊನೆಯ ದಿನ ಈ ಜೋಡಿ ಸಿಂಗಪುರದ ಶಿಂಟಾ ಮುಲಿಯಾ ಸಾರಿ ಮತ್ತು ಯಾವೊ ಲೇ ಅವರನ್ನು 21–16, 21–19ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಕೂಟದಲ್ಲಿ ಭಾರತದ ಒಟ್ಟು ಚಿನ್ನ 38, ಇಂಗ್ಲೆಂಡಿನದು 37; ಪದಕಪಟ್ಟಿಯ ಎರಡನೆಯ ಸ್ಥಾನ ನಿಂತದ್ದು ಆ ಒಂದು ಚಿನ್ನದ ಅಂತರದ ಮೇಲೆ. ಅದರ ಶ್ರೇಯ ಹೆಚ್ಚಾಗಿ ಅದೇ ದಿನ ಸಿಂಗಲ್ಸ್ ಚಿನ್ನ ಗೆದ್ದ ಸೈನಾ ನೆಹ್ವಾಲ್ ಅವರ ಪಾಲಿಗೆ ಹೋಯಿತಾದರೂ, ಅದಕ್ಕೆ ಸ್ವಲ್ಪ ಮೊದಲು ಬಂದ ಡಬಲ್ಸ್ ಚಿನ್ನವಿಲ್ಲದೆ ಆ ಲೆಕ್ಕ ಕೂಡುತ್ತಿರಲಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಶ್ವಿನಿ ಮತ್ತು ಜ್ವಾಲಾ ಕ್ವಾರ್ಟರ್‌ಫೈನಲ್‌ನಲ್ಲಿ ಇಂಡೊನೇಷ್ಯಾದ ವೀಟಾ ಮರಿಸ್ಸಾ ಮತ್ತು ನಾದ್ಯ ಮೆಲಾಟಿ ಅವರಿಗೆ ಮೊದಲ ಗೇಮ್ ಬಿಟ್ಟುಕೊಟ್ಟು, ಮುಂದಿನ ಎರಡನ್ನೂ ಗೆದ್ದು ಪದಕ ಖಚಿತಪಡಿಸಿಕೊಂಡರು. ಸೆಮಿಫೈನಲ್‌ನಲ್ಲಿ ಚೀನಾದ ತಿಯಾನ್ ಚಿಂಗ್ ಮತ್ತು ಝಾವೊ ಯುನ್‌ಲೇ ಅವರಿಗೆ ಸೋತು ಕಂಚು ಪಡೆದರು. ವಿಶ್ವ ಚಾಂಪಿಯನ್‌ಷಿಪ್ 1977ರಲ್ಲಿ ಆರಂಭವಾದ ಮೇಲೆ ಭಾರತಕ್ಕೆ ಅದುವರೆಗೆ ದಕ್ಕಿದ್ದು 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ಪಡುಕೋಣೆ ಗೆದ್ದ ಕಂಚು ಒಂದೇ. ಇಪ್ಪತ್ತೆಂಟು ವರ್ಷದ ಬಳಿಕ ಬಂದ ಎರಡನೆಯ ಪದಕ ಡಬಲ್ಸ್‌ನಿಂದ ಬಂತು ಎಂಬುದೂ, ಎರಡು ಪದಕಗಳ ಹಿಂದೆಯೂ ಬೆಂಗಳೂರಿನವರು ಇದ್ದರು ಎಂಬುದೂ ಗಮನಿಸತಕ್ಕ ಸಂಗತಿಗಳು. 2012ರಲ್ಲಿ ಅಶ್ವಿನಿ ಅವರಿಗೆ ಅರ್ಜುನ ಪ್ರಶಸ್ತಿ ದೊರೆಯಿತು.

ಅದೇ ವರ್ಷದ ಲಂಡನ್ ಒಲಿಂಪಿಕ್ಸ್ ಡಬಲ್ಸ್ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯ. ಬ್ಯಾಡ್ಮಿಂಟನ್ 1992ರಲ್ಲಿ ಒಲಿಂಪಿಕ್ಸ್ ಸೇರಿದ ಮೇಲೆ ಮೊದಲ ಸಲ ಡಬಲ್ಸ್‌ನಲ್ಲಿ ಗುಂಪು ಹಂತವನ್ನು ತರಲಾಗಿತ್ತು: ಹದಿನಾರು ಜೋಡಿಗಳು, ನಾಲ್ಕು ಗುಂಪುಗಳು, ಪ್ರತಿ ಗುಂಪಿನಿಂದ ಎರಡು ಜೋಡಿ ಕ್ವಾರ್ಟರ್‌ಫೈನಲ್‌ಗೆ. ಅಶ್ವಿನಿ ಮತ್ತು ಜ್ವಾಲಾ ಮೊದಲ ಪಂದ್ಯವನ್ನು ಜಪಾನಿನ ಮಿಜುಕಿ ಫುಜೀ ಮತ್ತು ರೇಕಾ ಕಾಕಿಇವಾ ಅವರಿಗೆ 16–21, 18–21ರಿಂದ ಸೋತರು. ಎರಡನೆಯದರಲ್ಲಿ ಚೈನೀಸ್ ತೈಪೆಯ ಚೆಂಗ್ ವೆನ್ ಸಿಂಗ್ ಮತ್ತು ಚಿಯೆನ್ ಯು ಚಿನ್ ಎಂಬ ಪ್ರಬಲ ಜೋಡಿಯನ್ನು 25–23, 16–21, 21–18ರಿಂದ ಗೆದ್ದರು. ಮೂರನೆಯದರಲ್ಲಿ ಸಿಂಗಪುರದ ಹಳೆಯ ಎದುರಾಳಿಗಳನ್ನು 21–16, 21–15ರಿಂದ ಮಣಿಸಿದರು. ಗುಂಪಿನಲ್ಲಿ ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಇಂಥ ಸಂದರ್ಭದಲ್ಲಿ ಗೆದ್ದ ಮತ್ತು ಸೋತ ಗೇಮ್‌ಗಳ ವ್ಯತ್ಯಾಸವನ್ನು, ಅದೂ ಸಮವಾದರೆ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸವನ್ನು ನೋಡುವುದು ನಿಯಮ. ಭಾರತದ ಜೋಡಿ ಮೂರು ಪಂದ್ಯಗಳಲ್ಲಿ ಗಳಿಸಿದ್ದು 138 ಅಂಕ, ಕೊಟ್ಟದ್ದು 135, ಉಳಿದದ್ದು ಮೂರು. ಜಪಾನ್ ತನ್ನ ಕೊನೆಯ ಪಂದ್ಯವನ್ನು ತೈಪೆಗೆ ಸೋತರೂ ಒಂದು ಅಂಕ ಮುಂದಿತ್ತು. ಜಪಾನಿನ ಆ ಸೋಲಿನ ಬಗ್ಗೆ ಭಾರತದ ತಂಡ ಸಲ್ಲಿಸಿದ ದೂರು ತಿರಸ್ಕೃತವಾಯಿತು.

ದೂರಿಗೆ ಹಿನ್ನೆಲೆಯಾದದ್ದು ಅದೇ ದಿನ ಬೇರೆ ಗುಂಪುಗಳಲ್ಲಿ ನಡೆದ ಪ್ರಸಂಗ. ಮುಂದಿನ ಸುತ್ತಿನಲ್ಲಿ ಅನುಕೂಲವಾದ ಎದುರಾಳಿ ಸಿಗಲೆಂದು ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು ಮತ್ತು ಇಂಡೊನೇಷ್ಯಾದ ಒಂದು ಜೋಡಿ ಬೇಕೆಂದೇ ಸೋಲಲು ಹವಣಿಸಿ, ಸರ್ವ್‌ಗಳನ್ನು ನೆಟ್ಟಿಗೆ ಹೊಡೆದು, ಪ್ರೇಕ್ಷಕರ ಕೂಗಿಗೆ ಗುರಿಯಾದವು. 2012ರ ಆಗಸ್ಟ್ 1ರಂದು ಎಂಟೂ ಆಟಗಾರ್ತಿಯರನ್ನು ಕೂಟದಿಂದ ಹೊರಹಾಕಲಾಯಿತು. ಆಟಗಾರ್ತಿಯರ ತಪ್ಪು ನಿಜ. ಆದರೆ ಸೋಲಿಗೇ ಲಾಭವನ್ನು ಕಟ್ಟಿಕೊಟ್ಟ ವೇಳಾಪಟ್ಟಿಯನ್ನು ರೂಪಿಸಿದವರ ಹೊಣೆ ಅದಕ್ಕಿಂತ ಕಡಿಮೆಯದಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ, ಏಕೆಂದರೆ 2016ರ ಒಲಿಂಪಿಕ್ಸ್‌ಗೆ ಮುನ್ನ ಆ ಪದ್ಧತಿಯನ್ನೇ ತಿದ್ದಿ, ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದ ಜೋಡಿಗಳ ಎದುರಾಳಿಯನ್ನು ಚೀಟಿ ಎತ್ತಿ ತೀರ್ಮಾನಿಸುವ ಕ್ರಮ ತರಲಾಯಿತು.

ಮನೆಯೊಳಗಿನ ಲೆಕ್ಕಾಚಾರ ಬೇರೆಯೇ ಇತ್ತು. 2013ರಲ್ಲಿ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಆರಂಭವಾದಾಗ ಅಶ್ವಿನಿ ಮತ್ತು ಜ್ವಾಲಾ ಇಬ್ಬರನ್ನೂ ಸಿಂಗಲ್ಸ್ ತಾರೆಗಳಾದ ಸೈನಾ, ಪಿ.ವಿ. ಸಿಂಧು, ಲೀ ಚಾಂಗ್ ವೇ ಅವರ ಸಾಲಿನ ‘ಐಕಾನ್’ ಆಟಗಾರರೆಂದು ಘೋಷಿಸಿ ತಲಾ 50,000 ಡಾಲರ್ ಮೂಲಬೆಲೆ ನಿಗದಿ ಮಾಡಲಾಗಿತ್ತು. ಹರಾಜಿನ ಹೊತ್ತಿಗೆ ಲೀಗಿನಿಂದ ಮಹಿಳೆಯರ ಡಬಲ್ಸ್ ವಿಭಾಗವನ್ನೇ ಕೈಬಿಟ್ಟು, ಅದರ ಜಾಗಕ್ಕೆ ಇನ್ನೊಂದು ಪುರುಷರ ಸಿಂಗಲ್ಸ್ ಪಂದ್ಯ ಸೇರಿಸಲಾಯಿತು. ಇಬ್ಬರ ಮೂಲಬೆಲೆ 25,000 ಡಾಲರಿಗೆ ಇಳಿಯಿತು. ವಿಶ್ವ ಪದಕ ಗೆದ್ದ ಎರಡೇ ವರ್ಷಕ್ಕೆ ಆ ಪದಕದ ವಿಭಾಗವೇ ಸ್ವದೇಶದ ಲೀಗಿನಲ್ಲಿ ಇಲ್ಲವಾಯಿತೆಂದರೆ, ಡಬಲ್ಸ್‌ನ ಸ್ಥಾನಮಾನ ಏನಿತ್ತೆಂಬುದಕ್ಕೆ ಬೇರೆ ದಾಖಲೆ ಬೇಕಾಗಿಲ್ಲ.

ಈ ಉದಾಸೀನದ ಫಲ ತಂಡದ ಸ್ಪರ್ಧೆಗಳಲ್ಲಿ ಎದ್ದು ಕಾಣುತ್ತದೆ. ಮಹಿಳಾ ತಂಡಗಳ ವಿಶ್ವ ಸ್ಪರ್ಧೆಯಾದ ಉಬರ್ ಕಪ್‌ನಲ್ಲಿ ಪ್ರತಿ ಹಣಾಹಣಿಗೂ ಮೂರು ಸಿಂಗಲ್ಸ್, ಎರಡು ಡಬಲ್ಸ್. 2014ರ ಮೇ ತಿಂಗಳಲ್ಲಿ ದೆಹಲಿಯ ಸಿರಿ ಫೋರ್ಟ್‌ನಲ್ಲಿ ಭಾರತ ಮೊದಲ ಸಲ ಸೆಮಿಫೈನಲ್ ತಲುಪಿ ಜಪಾನ್ ಎದುರು ಸೈನಾ ಮತ್ತು ಸಿಂಧು ಅವರ ಗೆಲುವುಗಳಿಂದ 2–0 ಮುನ್ನಡೆ ಪಡೆಯಿತು. ಮೂರನೆಯ ಪಂದ್ಯದಲ್ಲಿ ಅಶ್ವಿನಿ ಮತ್ತು ಜ್ವಾಲಾ ಅವರು ಮಿಸಾಕಿ ಮಾತ್ಸುತೊಮೊ ಮತ್ತು ಅಯಾಕಾ ತಾಕಾಹಾಶಿ ಅವರಿಗೆ ಸೋತರು. ಈ ಜಪಾನಿ ಜೋಡಿಯೇ ಎರಡು ವರ್ಷದ ನಂತರ ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದದ್ದು. ನಾಲ್ಕನೆಯ ಪಂದ್ಯವೂ ಕೈತಪ್ಪಿದ ಮೇಲೆ, ನಿರ್ಣಾಯಕವಾದ ಎರಡನೆಯ ಡಬಲ್ಸ್‌ಗೆ ಭಾರತ ಕಣಕ್ಕಿಳಿಸಿದ್ದು ಆಗಲೇ ಒಂದೊಂದು ಸಿಂಗಲ್ಸ್ ಆಡಿ ಮುಗಿಸಿದ್ದ ಸೈನಾ ಮತ್ತು ಸಿಂಧು ಅವರನ್ನೇ. ಅವರು ಸೋತರು, ಹಣಾಹಣಿ 2–3ಕ್ಕೆ ಮುಗಿಯಿತು, ಭಾರತಕ್ಕೆ ಕಂಚು ದಕ್ಕಿತು. ದೇಶದ ಮೊದಲ ಉಬರ್ ಕಪ್ ಪದಕವೆಂದು ಅದು ಸಂಭ್ರಮಕ್ಕೆ ಕಾರಣವಾದದ್ದು ಸರಿಯೇ. ಆದರೆ ಅಶ್ವಿನಿ ಮತ್ತು ಜ್ವಾಲಾ ಅವರ ಬೆನ್ನಿಗೆ ಭರವಸೆ ಇಡಬಹುದಾದ ಎರಡನೆಯ ಜೋಡಿಯೊಂದು ತಂಡಕ್ಕೆ ಇರಲಿಲ್ಲ ಎಂಬುದನ್ನೂ ಆ ಸಂಜೆ ಬಯಲು ಮಾಡಿತು.

ಅದೇ ವರ್ಷ ಏಷ್ಯನ್ ಚಾಂಪಿಯನ್‌ಷಿಪ್ ಕಂಚು, ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಮಲೇಷ್ಯಾದ ವಿವಿಯನ್ ಹೂ ಮತ್ತು ವೂನ್ ಖೆ ವೇ ಅವರಿಗೆ ಸೋತು ಬೆಳ್ಳಿ, ಮರುವರ್ಷ ಕೆನಡಾ ಓಪನ್ ಪ್ರಶಸ್ತಿ ಇವು ಜೋಡಿಯ ಉತ್ತರಾರ್ಧದ ಗಳಿಕೆಗಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತ ಬಳಿಕ ಜೋಡಿ ಬೇರೆಯಾಯಿತು.

ಜೋಡಿ ಮುರಿದಾಗ ಡಬಲ್ಸ್ ಆಟಗಾರ್ತಿ ಕಳೆದುಕೊಳ್ಳುವುದು ಜೊತೆಗಾರ್ತಿಯನ್ನಷ್ಟೇ ಅಲ್ಲ. ವಿಶ್ವ ಶ್ರೇಯಾಂಕ ಸೇರುವುದು ಜೋಡಿಯ ಹೆಸರಿಗೆ. ಹೊಸ ಜೊತೆ ಕಟ್ಟಿಕೊಂಡವರು ಕೆಳಗಿನ ದರ್ಜೆಯ ಪಂದ್ಯಾವಳಿಗಳಿಂದ ಮತ್ತೆ ಮೇಲೆ ಹತ್ತಬೇಕು. ಸಿಂಗಲ್ಸ್‌ನಲ್ಲಿ ಇಂಥ ಶಿಕ್ಷೆ ಗಾಯಗೊಂಡವರಿಗೆ ಮಾತ್ರ ಬರುತ್ತದೆ. ಅಶ್ವಿನಿ ಎನ್. ಸಿಕ್ಕಿ ರೆಡ್ಡಿ ಅವರೊಂದಿಗೆ ಹೊಸದಾಗಿ ಆರಂಭಿಸಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಆಸ್ಟ್ರೇಲಿಯಾದ ಜೋಡಿಯನ್ನು ಸೋಲಿಸಿ ಕಂಚು ಗೆದ್ದರು. ಆ ಕೂಟದ ಮಿಶ್ರ ತಂಡ ಫೈನಲ್‌ನ ಮೊದಲ ಪಂದ್ಯದಲ್ಲಿ ಅವರೂ, ಆಗಿನ್ನೂ ಹದಿನೇಳರ ಹರೆಯದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರೂ ಸೇರಿ, ರಿಯೊ ಒಲಿಂಪಿಕ್ಸ್‌ನಲ್ಲಿ ಮಿಶ್ರ ಡಬಲ್ಸ್ ಬೆಳ್ಳಿ ಗೆದ್ದಿದ್ದ ಮಲೇಷ್ಯಾದ ಚಾನ್ ಪೆಂಗ್ ಸೂನ್ ಮತ್ತು ಗೋ ಲಿಯು ಯಿಂಗ್ ಅವರನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿದ್ದು ಭಾರತದ 3–1 ಗೆಲುವಿಗೆ, ಆ ವಿಭಾಗದಲ್ಲಿ ದೇಶದ ಮೊದಲ ಚಿನ್ನಕ್ಕೆ ಬುನಾದಿಯಾಯಿತು. ಅಶ್ವಿನಿ ಅವರ ಅತ್ಯಂತ ಮಹತ್ವದ ಗೆಲುವು ಯಾವುದೆಂದು ಕೇಳಿದರೆ 2011ರ ಕಂಚಿನ ಪಕ್ಕದಲ್ಲಿಯೇ ಈ ಪಂದ್ಯವನ್ನೂ ಇಡಬೇಕಾಗುತ್ತದೆ. ಟೋಕಿಯೊ ಒಲಿಂಪಿಕ್ಸ್‌ಗೆ ಮಾತ್ರ ಅಶ್ವಿನಿ ಮತ್ತು ಸಿಕ್ಕಿ ಅರ್ಹತೆ ಪಡೆಯಲಿಲ್ಲ.

2023ರಲ್ಲಿ, ಮೂವತ್ತಮೂರು ದಾಟಿದ ಮೇಲೆ, ಅಶ್ವಿನಿ ತಮಗಿಂತ ಹದಿಮೂರು ವರ್ಷಕ್ಕೂ ಹೆಚ್ಚು ಕಿರಿಯರಾದ ತನಿಷಾ ಕ್ರಾಸ್ಟೊ ಅವರೊಂದಿಗೆ ಮೂರನೆಯ ಸಲ ಕೆಳಗಿನಿಂದ ಹತ್ತಲು ತೊಡಗಿದರು. ಅಬುಧಾಬಿ ಮಾಸ್ಟರ್ಸ್ ಮತ್ತು ಗುವಾಹಟಿ ಮಾಸ್ಟರ್ಸ್ ಎಂಬ ಸೂಪರ್ 100 ದರ್ಜೆಯ, ಅಂದರೆ ವಿಶ್ವ ಸರಣಿಯ ಬುಡದ ಮೆಟ್ಟಿಲಿನ, ಪಂದ್ಯಾವಳಿಗಳನ್ನು ಗೆದ್ದು, ದೊಡ್ಡ ಟೂರ್ನಿಗಳಲ್ಲಿ ಅಂಕ ಕೂಡಿಸಿ, ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಅವರಂಥ ಹೆಚ್ಚು ಚರ್ಚೆಯಲ್ಲಿದ್ದ ಜೋಡಿಯನ್ನು ಹಿಂದಿಕ್ಕಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಏಕೈಕ ಭಾರತೀಯ ಮಹಿಳಾ ಡಬಲ್ಸ್ ಸ್ಥಾನ ಪಡೆದದ್ದು ಅಂಕಿಅಂಶಗಳಲ್ಲಿ ಸಣ್ಣದಾಗಿ ಕಂಡರೂ ಪರಿಶ್ರಮದ ದೃಷ್ಟಿಯಿಂದ ಅಸಾಧಾರಣ. ಪ್ಯಾರಿಸ್‌ನಲ್ಲಿ ಕೊರಿಯಾ, ಜಪಾನ್, ಆಸ್ಟ್ರೇಲಿಯಾ ಮೂರೂ ಜೋಡಿಗಳಿಗೆ ಸೋತ ಬಳಿಕ ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ತಿಳಿಸಿದರು. ಕೊನೆಯ ಪಂದ್ಯದ ಎದುರಾಳಿಗಳಲ್ಲಿ ಒಬ್ಬರಾದ ಸೆಟ್ಯಾನಾ ಮಪಾಸಾ ಆರು ವರ್ಷದ ಹಿಂದೆ ಗೋಲ್ಡ್ ಕೋಸ್ಟ್‌ನ ಕಂಚಿನ ಪಂದ್ಯದಲ್ಲಿ ಅವರಿಗೆ ಸೋತಿದ್ದವರು.

ಈ ನಡುವೆ ಪುರುಷರ ಡಬಲ್ಸ್‌ನಲ್ಲಿ ಚಿತ್ರ ಬದಲಾಯಿತು. 2015ರಲ್ಲಿ ಮಲೇಷ್ಯಾದ ಟಾನ್ ಕಿಮ್ ಹರ್ ಡಬಲ್ಸ್ ತರಬೇತುದಾರರಾಗಿ ಬಂದು, ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಎಂಬ ಇಬ್ಬರು ಎತ್ತರದ ಹುಡುಗರನ್ನು ಒಂದು ಜೋಡಿಯಾಗಿಸಿದರು. ಮುಂದೆ ಡೆನ್ಮಾರ್ಕಿನ ಮಥಿಯಾಸ್ ಬೋ ಅವರ ಕೈಯಲ್ಲಿ ಆ ಜೋಡಿ ಪಳಗಿತು. 2022ರಲ್ಲಿ ಪುರುಷ ತಂಡಗಳ ವಿಶ್ವ ಸ್ಪರ್ಧೆಯಾದ ಥಾಮಸ್ ಕಪ್, ಕಾಮನ್‌ವೆಲ್ತ್ ಚಿನ್ನ ಮತ್ತು ವಿಶ್ವ ಚಾಂಪಿಯನ್‌ಷಿಪ್ ಕಂಚು, 2023ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಮತ್ತು ವಿಶ್ವದ ಒಂದನೆಯ ಶ್ರೇಯಾಂಕ ಇವೆಲ್ಲ ಬಂದದ್ದು ಪ್ರತಿಭೆ ಹಠಾತ್ತನೆ ಹುಟ್ಟಿದ್ದರಿಂದಲ್ಲ. ಡಬಲ್ಸ್‌ಗೆಂದೇ ಗುರು, ಎದುರಿಗೆ ಆಡಲು ಇತರ ಜೋಡಿಗಳು, ಒಂದೇ ಜೊತೆಯಲ್ಲಿ ಬೆಳೆಯಲು ವರ್ಷಗಳು ಸಿಕ್ಕಿದ್ದರಿಂದ. ಅಶ್ವಿನಿ ಅವರ ಆಟದ ಉತ್ತುಂಗದ ವರ್ಷಗಳಲ್ಲಿ ಇವು ಮೂರೂ ಒಟ್ಟಿಗೆ ಒದಗಿರಲಿಲ್ಲ. ಅವರ ಪದಕಗಳನ್ನು ವ್ಯವಸ್ಥೆಯ ಸಾಧನೆಯೆಂದು ಲೆಕ್ಕ ಹಾಕುವುದು ಆದ್ದರಿಂದ ತಪ್ಪಾಗುತ್ತದೆ. 2011ರ ಕಂಚಿನ ನಂತರ ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನ ಇನ್ನೊಂದು ಪದಕ 2025ರ ಸ್ಪರ್ಧೆ ಮುಗಿಯುವವರೆಗೂ ಬಂದಿಲ್ಲ.